ಸೋಫಕ್ಕನಿಗೆ ಗಂಡ ಇಟ್ಟ ಹೆಸರು

ಸೋಫಕ್ಕ ಕೆಲಸ ಮಾಡುವಾಗ ಅವಳನ್ನು ಮಾತಾಡಿಸಲು ಹೋಗಬಾರದು ಎಂಬುದು ಆ ಬೀದಿಯವರಿಗೆಲ್ಲ ಗೊತ್ತಿತ್ತು. ಕೋಪಿಷ್ಠೆ ಅಂತಲ್ಲ. ಕೋಪ ಇತ್ತು, ಅದು ಬೇರೆ ಮಾತು. ಅವಳ ಬಾಯಿ ತುಂಬ ಮೊಳೆ ಇರುತ್ತಿತ್ತು. ಕುರ್ಚಿಯ ಚೌಕಟ್ಟಿಗೆ ಬಟ್ಟೆ ಎಳೆದು ಕೂರಿಸುವಾಗ ಎಡಗೈ ಬಟ್ಟೆ ಹಿಡಿದಿರಬೇಕು, ಬಲಗೈಯಲ್ಲಿ ಅಯಸ್ಕಾಂತದ ಮೂತಿಯ ಸುತ್ತಿಗೆ ಇರಬೇಕು. ಮೊಳೆಗೆ ಉಳಿಯುವ ಜಾಗ ಬಾಯೊಂದೇ. ನಾಲಗೆಯಿಂದ ಒಂದೊಂದೇ ಮೊಳೆಯನ್ನು ತುಟಿಗೆ ತಂದು, ಸುತ್ತಿಗೆಯ ಮೂತಿಗೆ ಅಂಟಿಸಿ, ಟಕ್ ಅಂತ ಹೊಡೆಯುವುದನ್ನು ಕಲಿಸಿದ್ದು ಅವಳ ಅಪ್ಪ. "ನುಂಗಬೇಡ. ನುಂಗಿದ್ರೆ ಅಮ್ಮನಿಗೆ ಹೇಳಬೇಡ" ಎಂಬಲ್ಲಿಗೆ ಅವನ ಪಾಠ ಮುಗಿದಿತ್ತು.

ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಅದಕ್ಕೇ ಮಗಳಿಗೆ ಕೆಲಸ ಕಲಿಸಿದ ಎಂದು ಜನ ಅಂದುಕೊಂಡಿದ್ದರು. ಹಾಗೇನಿಲ್ಲ. ಇಬ್ಬರು ಗಂಡುಮಕ್ಕಳಿದ್ದರು, ಇಬ್ಬರಿಗೂ ಹಳೆಯ ಸೋಫಾ ಬಿಚ್ಚಿದಾಗ ಬರುವ ವಾಸನೆ ಆಗುತ್ತಿರಲಿಲ್ಲ. ಇಪ್ಪತ್ತು ವರ್ಷ ಯಾರ ಯಾರೋ ಕೂತೆದ್ದ ಬೆವರು, ಬಿದ್ದ ಬಿಸ್ಕತ್ತಿನ ಚೂರು, ಇಲಿ ಸಂಸಾರ ಮಾಡಿ ಬಿಟ್ಟುಹೋದ ನಾರು. ಇವಳಿಗೆ ಮಾತ್ರ ಅದು ರೂಢಿಯಾಯಿತು. ಅಪ್ಪ ಸತ್ತ ಮೇಲೆ ಅಂಗಡಿ ಅವಳದಾಯಿತು, ಜನ ಅವಳನ್ನು ಸೋಫಕ್ಕ ಎಂದರು. ಕೆಳಗೆ ಅಂಗಡಿ, ಮೇಲೆ ಮನೆ. ತೋಳು ಗಟ್ಟಿ, ಗಂಟಲು ಅದಕ್ಕಿಂತ ಗಟ್ಟಿ. ಕೆಳಗಿನಿಂದ ಒಮ್ಮೆ ಕೂಗಿದರೆ ಮೇಲಿನ ಅಡುಗೆಮನೆಯಲ್ಲಿ ಪಾತ್ರೆ ಮುಚ್ಚಳ ನಡುಗುತ್ತಿತ್ತು.

ಅವಳ ಗಂಡ ಮೇಷ್ಟ್ರು. ಕಾಲೇಜಿನಲ್ಲಿ ಹಳೆಯ ಭಾಷೆಗಳನ್ನು ಕಲಿಸುತ್ತಿದ್ದರು, ಅದರಲ್ಲೂ ಹೀಬ್ರೂ. ತರಗತಿಯಲ್ಲಿ ನಾಲ್ಕೈದು ಹುಡುಗರು ಇದ್ದರೆ ಆ ವರ್ಷ ಸುಭಿಕ್ಷ. ಮದುವೆಗೆ ಮುಂಚೆ ಕಾಲು ಮುರಿದ ಕುರ್ಚಿಯೊಂದನ್ನು ಹೊತ್ತುಕೊಂಡು ಅಂಗಡಿಗೆ ಬಂದಿದ್ದರು. ಕುರ್ಚಿ ರಿಪೇರಿಯಾಗಿ ವಾರ ಕಳೆದ ಮೇಲೂ ಅದನ್ನು ಒಯ್ಯದೆ ದಿನಾ ಬಂದು ಅದರ ಮೇಲೇ ಕೂತು ಹರಟುತ್ತಿದ್ದರು. "ಕುರ್ಚಿ ತಗೊಂಡು ಹೋಗ್ತೀಯಾ, ಇಲ್ಲ ಹುಡುಗೀನ ತಗೊಂಡು ಹೋಗ್ತೀಯಾ?" ಎಂದು ಅಪ್ಪನೇ ಕೇಳಿದ. ಅಷ್ಟೇ ಸರಳವಾಗಿ ಮದುವೆಯಾಯಿತು.

ಮದುವೆಯಾದ ಹೊಸತರಲ್ಲಿ ಒಂದು ಜಗಳ ಬಂತು. ಮೇಷ್ಟ್ರ ಕಾಲೇಜಿನ ದೊಡ್ಡವರೊಬ್ಬರು ದಾರಿಯಲ್ಲಿ ಸಿಕ್ಕಾಗ ಮೇಷ್ಟ್ರು, "ನನ್ನ ಹೆಂಡತಿ, ಸ್ವಲ್ಪ ಹೊಲಿಗೆ ಗಿಲಿಗೆ ಮಾಡ್ತಾಳೆ" ಎಂದು ಪರಿಚಯ ಮಾಡಿಕೊಟ್ಟರು. ಹೊಲಿಗೆ ಗಿಲಿಗೆ! ಅವತ್ತು ಬೆಳಿಗ್ಗೆ ಅವಳು ಮೂರು ಆಳು ಕೂರುವ ಸೋಫಾವನ್ನು ಒಬ್ಬಳೇ ಮಗುಚಿ ಹಾಕಿ ಸ್ಪ್ರಿಂಗು ಕಟ್ಟಿದ್ದಳು. ಮನೆಗೆ ಬಂದವಳೇ, "ನಾನು ಮಾಡೋ ಕೆಲಸದ ಹೆಸರು ಹೇಳೋಕೆ ನಿಮ್ಮ ನಾಲಗೆಗೆ ಏನು ಹುಣ್ಣು?" ಎಂದು ಕೂಗಿ, ಕೈಗೆ ಸಿಕ್ಕ ಮೊಳೆ ಡಬ್ಬಿಯನ್ನು ಗೋಡೆಗೆ ಎಸೆದಳು. ಮೊಳೆ ಆಲಿಕಲ್ಲಿನ ಹಾಗೆ ಕೋಣೆಯೆಲ್ಲ ಸುರಿಯಿತು. ಮೇಷ್ಟ್ರು ಮೇಜಿನ ಹಿಂದೆ ಬಗ್ಗಿದವರು ತಲೆ ಎತ್ತಿ, ಹಲ್ಲಿನ ಸಂದಿಯಲ್ಲಿ "ಪೆರೆ!" ಎಂದರು.

"ಏನಂದ್ರಿ?"

"ಏನಿಲ್ಲ."

"ಪೆರೆ ಅಂದ್ರೆ ಏನು?"

ಅವಳ ಕೈ ಇನ್ನೊಂದು ಡಬ್ಬಿಯ ಹತ್ತಿರ ಹೋಗಿತ್ತು. ಮೇಷ್ಟ್ರು ಅದನ್ನು ನೋಡಿದರು. "ಹೀಬ್ರೂ ಮಾತು. ಒಂದು ಕಾಡುಪ್ರಾಣಿ. ಜಿಂಕೆ ಥರದ್ದು. ಯಾರ ಕೈಗೂ ಸಿಗದೆ ಗಾಳಿ ಹಾಗೆ ಓಡತ್ತೆ" ಎಂದರು. ಅವಳು ಡಬ್ಬಿ ಬಿಟ್ಟಳು. ಹಿಂದೆ ಯಾರೂ ಅವಳನ್ನು ಜಿಂಕೆ ಎಂದಿರಲಿಲ್ಲ. ಇಬ್ಬರೂ ನೆಲದ ಮೇಲೆ ಮಂಡಿಯೂರಿ ಮೊಳೆ ಆಯ್ದರು, ನಗುತ್ತ ಆಯ್ದರು. ಹೆಸರು ನಿಂತುಬಿಟ್ಟಿತು.

ಮಗಳು ಹುಟ್ಟಿದ ಮೇಲೂ ಮೇಷ್ಟ್ರ ಬಾಯಲ್ಲಿ ಅವಳು ಪೆರೆಯೇ. "ಪೆರೆ, ಟೀ ಆಯ್ತಾ?" "ಪೆರೆ, ನನ್ನ ಕನ್ನಡಕ ಎಲ್ಲಿ?" ಅಂಗಡಿಗೆ ಹೊಸ ಬೋರ್ಡು ಹಾಕಿಸುವಾಗ ಅವಳು ಹಿಂದುಮುಂದು ನೋಡದೆ ಬೋರ್ಡು ಬರೆಯುವವನಿಗೆ, "ಪೆರೆ ಸೋಫಾ ವರ್ಕ್ಸ್ ಅಂತ ಬರಿ, ಪಕ್ಕದಲ್ಲಿ ನೆಗೀತಿರೋ ಜಿಂಕೆ ಇರಲಿ" ಎಂದಳು. ಅದೇ ಹೆಸರನ್ನು ಹೀಬ್ರೂ ಅಕ್ಷರದಲ್ಲೂ ಬರೆಸಬೇಕು, ಗಂಡನ ವಿದ್ಯೆಗೂ ಒಂದು ಮರ್ಯಾದೆ ಇರಲಿ ಎಂದು ಅವಳ ಆಸೆ. ಮೇಷ್ಟ್ರು ಒಂದು ಕ್ಷಣ ತಡೆದರು. "ಅದೆಲ್ಲ ಯಾಕೆ? ಯಾರು ಓದ್ತಾರೆ?" ಎಂದರು. "ನೀವು ಓದ್ತೀರಲ್ಲ" ಎಂದಳು. ಮೇಷ್ಟ್ರು ಮೂರು ಅಕ್ಷರ ಬರೆದುಕೊಟ್ಟರು. ಜಿಂಕೆಯ ಕಾಲ ಕೆಳಗೆ ಆ ಮೂರು ಅಕ್ಷರ ವರ್ಷಗಟ್ಟಲೆ ಬಿಸಿಲು ಕಾಯಿತು.

ಭಾನುವಾರ ಮಧ್ಯಾಹ್ನ ಮೇಷ್ಟ್ರ ಸ್ನೇಹಿತರು ಬರುತ್ತಿದ್ದರು. ಗ್ರೀಕ್ ಕಲಿಸುವವರು ಒಬ್ಬರು, ಇತಿಹಾಸದವರು ಒಬ್ಬರು, ಕಾಲೇಜಿನ ಲೈಬ್ರರಿಯವರು ಒಬ್ಬರು. ಮೇಲಿನ ಕೋಣೆಯಲ್ಲಿ ಕೂತು ಹಳೆಯ ಪುಸ್ತಕಗಳ ಮೇಲೆ ವಾದ ಮಾಡುತ್ತಿದ್ದರು. ಸೋಫಕ್ಕ ಟೀ ತಂದಿಟ್ಟರೆ ಗ್ರೀಕ್‌ನವರು ಕುರ್ಚಿಯಿಂದ ಅರ್ಧ ಎದ್ದು, "ಪೆರೆಯವರು ಬಂದರು, ದಾರಿ ಬಿಡಿ, ದಾರಿ ಬಿಡಿ!" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಇವಳೂ ನಗುತ್ತಿದ್ದಳು.

ಹೀಗೆ ಇಪ್ಪತ್ತೈದು ವರ್ಷದ ಮೇಲಾಯಿತು.

ಒಂದು ಬೆಳಿಗ್ಗೆ ಅಂಗಡಿಗೆ ಒಬ್ಬ ಹೆಂಗಸು ಬಂದಳು. ಬೇರೆ ದೇಶದಿಂದ ಮದುವೆಯಾಗಿ ಬಂದವಳು, ಮನೆಮಾತು ಹೀಬ್ರೂ. ಕನ್ನಡ ಕಲಿತಿದ್ದಳು, ಆದರೆ ಒಂದೊಂದು ಮಾತಿಗೂ ಮುಂಚೆ ನಿಂತು, ಹಳ್ಳ ದಾಟುವವಳ ಹಾಗೆ ಕಲ್ಲು ನೋಡಿ ಕಾಲಿಡುತ್ತಿದ್ದಳು. ಅತ್ತೆಯ ಹಳೆಯ ಈಸಿಚೇರಿಗೆ ಹೊಸ ಬಟ್ಟೆ ಹಾಕಿಸಬೇಕಿತ್ತು. ಬಟ್ಟೆಯ ತುಂಡುಗಳನ್ನು ಮುಟ್ಟಿ ನೋಡಿ, ನೀಲಿಯದನ್ನು ಆರಿಸಿ, ಹೊರಡುವಾಗ ತಡೆಯಲಾರದೆ ಕೇಳಿದಳು.

"ಅಕ್ಕ, ತಪ್ಪು ತಿಳೀಬೇಡಿ. ಬೋರ್ಡಲ್ಲಿ ಜಿಂಕೆ ಯಾಕೆ ಇದೆ?"

ಸೋಫಕ್ಕ ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗಿದುಕೊಂಡಳು. "ಯಾಕೆ ಅಂದ್ರೆ? ಪೆರೆ ಅಂದ್ರೆ ಜಿಂಕೆ ಅಲ್ವಾ? ನಿಮ್ಮ ಭಾಷೇನೇ."

ಹೆಂಗಸಿನ ಮುಖದಲ್ಲಿ ನಗು ಬಂದು ಅರ್ಧಕ್ಕೇ ನಿಂತಿತು. "ಜಿಂಕೆಗೆ ನಾವು ಅಯ್ಯಾಲಾ ಅಂತೀವಿ. ಪೆರೆ ಅಂದ್ರೆ..." ಎಂದು ಕಲ್ಲು ಹುಡುಕಿದಳು. "ಕತ್ತೆ. ಮನೆ ಕತ್ತೆ ಅಲ್ಲ. ಕಾಡಲ್ಲಿ ಇರೋದು."

"ಕಾಡುಕತ್ತೆ?"

"ಹೌದು, ಅದು. ಈಗ ಆ ಪ್ರಾಣಿಗೆ ಯಾರೂ ಹೇಳಲ್ಲ. ಮನುಷ್ಯರಿಗೆ ಹೇಳ್ತಾರೆ. ನಡತೆ ಇಲ್ಲದವರಿಗೆ, ಕೂಗೋರಿಗೆ, ಕೈ ಎತ್ತೋರಿಗೆ. ನಮ್ಮಮ್ಮ ನನ್ನ ತಮ್ಮನಿಗೆ ಹೇಳ್ತಿದ್ರು." ಅಷ್ಟು ಹೇಳಿದ ಮೇಲೆ ಅವಳಿಗೆ ಏನೋ ಆಗಬಾರದ್ದು ಆಯಿತು ಎಂದು ಅನ್ನಿಸಿರಬೇಕು. "ನಾನು ತಮಾಷೆಗೆ ಇಟ್ಟಿದೀರಾ ಅಂದ್ಕೊಂಡೆ" ಎಂದಳು.

"ಹೂಂ, ತಮಾಷೆಗೇ" ಎಂದಳು ಸೋಫಕ್ಕ. "ಚೇರು ಮುಂದಿನ ವಾರ ಬಂದು ತಗೊಂಡು ಹೋಗಿ."

ಹೆಂಗಸು ಹೋದ ಮೇಲೆ ಸೋಫಕ್ಕ ಮೊಳೆಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡಳು. ಒಂದು ಮೊಳೆಯನ್ನೂ ಹೊಡೆಯಲಾಗಲಿಲ್ಲ. ಬಟ್ಟೆ ಹಿಡಿದ ಎಡಗೈ ಹಿಡಿದ ಹಾಗೇ ಇತ್ತು.

ಮೊದಲು ಬಂದದ್ದು ನಾಚಿಕೆ. ನೆನಪುಗಳು ಒಂದರ ಹಿಂದೆ ಒಂದು, ಬೇರೆ ಬಟ್ಟೆ ತೊಟ್ಟುಕೊಂಡು ಬಂದವು. ದಾರಿ ಬಿಡಿ ದಾರಿ ಬಿಡಿ ಎಂದು ಗ್ರೀಕ್‌ನವರು ಕೈ ಬೀಸುತ್ತಿದ್ದದ್ದು. ಬೀದಿಗೆ ನೀರು ಬಿಡುವವನ ಜೊತೆ ಅವಳು ಜಗಳವಾಡಿದ ದಿನ ಇತಿಹಾಸದವರು, "ಅಹಹಾ, ಎಷ್ಟು ತಕ್ಕ ಹೆಸರಪ್ಪ ನಿನ್ನ ಹೆಂಡತಿಗೆ" ಎಂದದ್ದು. ಅದನ್ನು ಹೊಗಳಿಕೆ ಎಂದುಕೊಂಡು ಅವಳು ಅವರಿಗೆ ಇನ್ನೊಂದು ಲೋಟ ಟೀ ಬಗ್ಗಿಸಿದ್ದು. ತನ್ನ ಕೈಯಾರೆ ಬಗ್ಗಿಸಿದ್ದು! ಲೈಬ್ರರಿಯವರು ಯಾವಾಗಲೂ ತಲೆ ತಗ್ಗಿಸಿಕೊಂಡು ಲೋಟ ತೆಗೆದುಕೊಳ್ಳುತ್ತಿದ್ದದ್ದು. ನಾಚಿಕೆ ಸ್ವಭಾವ ಎಂದುಕೊಂಡಿದ್ದಳು. ಬೋರ್ಡಿನ ಕೆಳಗೆ ನಿಂತು, ಜಿಂಕೆಯ ಹಾಗೆ ಒಂದು ಕಾಲು ಎತ್ತಿ, ಫೋಟೋ ತೆಗೆಸಿಕೊಂಡಿದ್ದಳು. ಆ ಫೋಟೋ ತೆಗೆದದ್ದು ಮೇಷ್ಟ್ರು.

ಅಲ್ಲಿಗೆ ಬರುವ ಹೊತ್ತಿಗೆ ನಾಚಿಕೆ ಕಾದು ಕಾದು ಕೋಪವಾಗಿತ್ತು. ಅದು ಡಬ್ಬಿ ಎಸೆಯುವ ಕೋಪವಲ್ಲ. ಆ ಕೋಪ ಅವಳಿಗೆ ಗೊತ್ತಿತ್ತು, ಬಂದಷ್ಟೇ ಬೇಗ ಹೋಗುತ್ತಿತ್ತು. ಇದು ಹೊಟ್ಟೆಯ ತಳದಲ್ಲಿ ಕೂತಿತು, ಕೂತು ಕಾಲು ಚಾಚಿತು.

ಸಂಜೆ ಮೇಷ್ಟ್ರು ಕಾಲೇಜಿನಿಂದ ಬಂದು, ಚಪ್ಪಲಿ ಬಿಡುತ್ತ, ಅಭ್ಯಾಸದಂತೆ "ಪೆರೆ, ಟೀ" ಎಂದರು.

"ಕನ್ನಡದಲ್ಲಿ ಕರೀರಿ" ಎಂದಳು.

"ಏನು?"

"ಕನ್ನಡದಲ್ಲಿ ಕರೀರಿ ಅಂದೆ. ಕಾಡುಕತ್ತೆ, ಟೀ ಕೊಡು ಅನ್ನಿ. ಕೊಡ್ತೀನಿ."

ಮೇಷ್ಟ್ರ ಒಂದು ಕಾಲು ಚಪ್ಪಲಿಯ ಒಳಗೆ, ಇನ್ನೊಂದು ಹೊರಗೆ. ಮುಖ ಸುಣ್ಣದ ಗೋಡೆ. "ಯಾರು ಹೇಳಿದ್ದು?" ಎಂದರು.

ಅದೊಂದು ಪ್ರಶ್ನೆ ಕೇಳದಿದ್ದರೆ ಆ ಸಂಜೆ ಬೇರೆ ಥರ ಆಗುತ್ತಿತ್ತೋ ಏನೋ. ಹೌದಾ ಅಲ್ಲವಾ ಅನ್ನದೆ, ಯಾರು ಹೇಳಿದ್ದು ಎಂದು ಕೇಳುವವನು ಕಳ್ಳ. ಸೋಫಕ್ಕನಿಗೆ ಅಡಿಯಿಂದ ಮುಡಿಯವರೆಗೆ ಉರಿ ಹತ್ತಿತು.

"ಯಾರು ಹೇಳಿದ್ರೆ ಏನು? ನೀವು ಹೇಳ್ಲಿಲ್ವಲ್ಲ! ಬೋರ್ಡು ಬರೆಸ್ದೆ, ಆಗ ಹೇಳ್ಲಿಲ್ಲ. ಬಿಲ್ ಬುಕ್ಕಲ್ಲಿ ಹಾಕಿಸ್ದೆ, ಆಗ ಹೇಳ್ಲಿಲ್ಲ. ನನ್ನ ತಲೆ ಮೇಲೆ ಕತ್ತೆ ಅಂತ ಬರೆದು ನೇತು ಹಾಕಿ, ಅದರ ಕೆಳಗೆ ನಾನು ಹಲ್ಲು ಕಿರೀತಾ ಕೂತಿದ್ರೆ, ದಿನಾ ಅದೇ ಬಾಗಿಲಲ್ಲಿ ಓಡಾಡಿದ್ರಲ್ಲ! ನಗು ಬರ್ತಿತ್ತಾ?"

"ಹಾಗಲ್ಲ ಕಣೆ. ಕೇಳು. ಹಳೆಗನ್ನಡದಲ್ಲಿ ಪೆರೆ ಅಂದ್ರೆ ಚಂದ್ರ ಅಂತ ಅರ್ಥ ಇದೆ..."

"ನೀವು ಹಳೆಗನ್ನಡದ ಮೇಷ್ಟ್ರಾ?"

ಮೇಷ್ಟ್ರು ಆ ಬಾಗಿಲು ಮುಚ್ಚಿಕೊಂಡು ಇನ್ನೊಂದು ಬಾಗಿಲು ತೆರೆದರು. ಕುರ್ಚಿಯ ಬೆನ್ನು ಹಿಡಿದುಕೊಂಡು, ತರಗತಿಯಲ್ಲಿ ಹೇಳುವ ಹಾಗೆ ಹೇಳತೊಡಗಿದರು. ಆ ಪ್ರಾಣಿ ನಾವು ತಿಳಿದ ಕತ್ತೆಯಲ್ಲ. ಬರಡು ನೆಲದಲ್ಲಿ ಒಂಟಿಯಾಗಿ ಇರುವಂಥದ್ದು. ಯಾರ ಮೂಟೆಯನ್ನೂ ಹೊರದು. ಹಗ್ಗ ಹಾಕಲು ಬಂದವನಿಗೆ ಧೂಳು ತಿನ್ನಿಸಿ ಹೋಗುತ್ತದೆ. ಆ ಭಾಷೆಯ ಹಳೆಯ ಕವಿಗಳು ಅದರ ಸ್ವಾತಂತ್ರ್ಯ ಕಂಡು ಬೆರಗಾಗಿದ್ದಾರೆ. ಮೂಲದಲ್ಲಿ ಅದು ಬೈಗುಳವೇ ಅಲ್ಲ, ಆಮೇಲೆ ಬಂದ ಜನ ಅರ್ಥ ಕೆಡಿಸಿದರು. "ಒಂದು ರೀತೀಲಿ ಅದು ದೊಡ್ಡ ಹೊಗಳಿಕೆ" ಎಂದರು. ಹೇಳುತ್ತ ಹೇಳುತ್ತ ಅವರಿಗೇ ತಮ್ಮ ಮಾತು ನಿಜ ಅನ್ನಿಸತೊಡಗಿತ್ತು. ಕಣ್ಣಲ್ಲಿ ಬೆಳಕು ಬಂದಿತ್ತು.

ಸೋಫಕ್ಕ ಪೂರ್ತಿ ಕೇಳಿದಳು.

"ಇಷ್ಟು ಚೆನ್ನಾಗಿದೆಯಲ್ಲ ಇದು" ಎಂದಳು. "ಅವತ್ತು ಯಾಕೆ ಹೇಳ್ಲಿಲ್ಲ?"

ಮೇಷ್ಟ್ರು ಕುರ್ಚಿಯ ಬೆನ್ನಿನಿಂದ ಕೈ ತೆಗೆದರು.

"ಆ ಕವಿ ಬಾಯಲ್ಲಿ ಅದು ಹೊಗಳಿಕೆ. ಆಯ್ತು, ಒಪ್ಪಿದೆ. ಮೊಳೆ ಡಬ್ಬಿ ಎಸೆದ ದಿನ ನಿಮ್ಮ ಬಾಯಲ್ಲಿ ಅದು ಏನು? ಕವಿ ಏನಂದ ಅಂತ ಕೇಳ್ತಿಲ್ಲ ನಾನು. ನೀವು ಏನಂದ್ರಿ?"

"ಕೋಪದಲ್ಲಿ ಬಂತು."

"ಕೋಪದಲ್ಲಿ ಬಂದಿದ್ದು ಕೋಪದ ಜೊತೆ ಹೋಗತ್ತೆ. ನನಗೆ ಗೊತ್ತಿಲ್ವಾ ಕೋಪ? ದಿನಾ ಟೀ ಕೇಳುವಾಗ ಯಾವ ಕೋಪ ಇತ್ತು? ಸ್ನೇಹಿತರಿಗೆ ಹೇಳಿಕೊಟ್ಟಾಗ?"

"ಅವರಿಗೆ ನಾನು ಹೇಳಿಕೊಡಲಿಲ್ಲ. ಅವರಿಗೆ ಗೊತ್ತಿತ್ತು."

"ಹಾಗಾದ್ರೆ ಬೇಡ ಅನ್ನಲೂ ಇಲ್ಲ."

ಟೀ ಆಗಲಿಲ್ಲ. ಸೋಫಕ್ಕ ಕೆಳಗೆ ಹೋಗಿ ಉಳಿ, ಸುತ್ತಿಗೆ, ಮೊಳೆ ಕೀಳುವ ಚಿಮಟ ತಂದಳು. ಮೇಷ್ಟ್ರು ಓದಲು ಕೂರುವ ದೊಡ್ಡ ಕುರ್ಚಿಯನ್ನು ಕೋಣೆಯ ನಡುವಿಗೆ ಎಳೆದು, ಮಗುಚಿ ಹಾಕಿ, ತಳದ ಬಟ್ಟೆಗೆ ಉಳಿ ಹಾಕಿದಳು. ಅದನ್ನು ಆಗಾಗ ಬಿಚ್ಚಿ, ಹೊಸ ನಾರು ತುಂಬಿ, ಅವರ ಬೆನ್ನಿನ ಗೂನಿಗೆ ಸರಿಯಾಗಿ ಹತ್ತಿ ಕೂರಿಸಿ ಕೊಡುತ್ತಿದ್ದವಳು ಅವಳೇ. ಈಗ ಟಕ್, ಟಕ್ ಎಂದು ಒಂದೊಂದೇ ಮೊಳೆ ಕಿತ್ತಳು. ಬಟ್ಟೆ ಬಂತು. ಹತ್ತಿ ಬಂತು. ಸ್ಪ್ರಿಂಗಿಗೆ ಕಟ್ಟಿದ ಹುರಿ ಕೊಯ್ದಾಗ ಸ್ಪ್ರಿಂಗುಗಳು ಒಂದರ ಹಿಂದೊಂದು ಎದ್ದು ನಿಂತವು. ಸ್ಪ್ರಿಂಗು ಹೊತ್ತ ಪಟ್ಟಿಗಳೂ ಹೋದವು. ಕೊನೆಗೆ ಉಳಿದದ್ದು ನಾಲ್ಕು ಕಾಲು, ಎರಡು ಕೈ, ನಡುವೆ ತೂತು. ಮೇಷ್ಟ್ರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬೇಡ ಎಂದು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೂ ಕೇಳುತ್ತಿರಲಿಲ್ಲ ಎನ್ನಿ.

ಬಿಚ್ಚಿದ್ದನ್ನೆಲ್ಲ ಗೋಣಿಯಲ್ಲಿ ತುಂಬಿ ಕೆಳಗೊಯ್ದಳು. "ಬೇರೆ ಕಡೆ ರಿಪೇರಿ ಮಾಡಿಸ್ಕೊಳ್ಳಿ. ಮಾರ್ಕೆಟ್ ಹತ್ತಿರ ಒಬ್ಬ ಇದಾನೆ. ಅವನಿಗೂ ಒಂದು ಹೆಸರಿಡಿ" ಎಂದಳು.

ಭಾನುವಾರ ಬಂತು. ಮೇಷ್ಟ್ರು ಸ್ನೇಹಿತರಿಗೆ ಬರಬೇಡಿ ಎಂದು ಫೋನು ಮಾಡಲು ಹೋದರೆ ಸೋಫಕ್ಕ ತಡೆದಳು. "ಬರಲಿ. ಬರದೇ ಇದ್ರೆ ನಾನೇ ಒಬ್ಬೊಬ್ಬರ ಮನೆಗೆ ಹೋಗ್ತೀನಿ" ಎಂದಳು. ಅವಳು ಹೋಗುವವಳೇ ಎಂದು ಮೇಷ್ಟ್ರಿಗೆ ಗೊತ್ತಿತ್ತು.

ಮೂವರೂ ಬಂದರು. ಕೋಣೆಯ ನಡುವೆ ನಿಂತ ಕುರ್ಚಿಯ ಅಸ್ಥಿಪಂಜರ ನೋಡಿ ಗ್ರೀಕ್‌ನವರು, "ಇದೇನು, ಇದಕ್ಕೆ ಏನು ಕಾಯಿಲೆ?" ಎಂದರು. ಸೋಫಕ್ಕ ಟೀ ತಟ್ಟೆ ಹಿಡಿದು ಬಂದಳು. ಗ್ರೀಕ್‌ನವರು ಅಭ್ಯಾಸದ ಬಲದಿಂದ ಅರ್ಧ ಎದ್ದು, "ಪೆರೆಯವರು ಬಂದರು, ದಾರಿ..." ಎಂದರು. ಮೇಷ್ಟ್ರ ಮುಖ ನೋಡಿ ಅಲ್ಲಿಗೇ ಬಿಟ್ಟರು.

"ಪೂರ್ತಿ ಹೇಳಿ ಸಾರ್. ಆದ್ರೆ ಕನ್ನಡದಲ್ಲಿ ಹೇಳಿ. ನನಗೆ ನಿಮ್ಮಷ್ಟು ಭಾಷೆ ಬರಲ್ಲ."

ಗ್ರೀಕ್‌ನವರು ಮತ್ತೆ ಕುರ್ಚಿಯಲ್ಲಿ ಕೂತರು.

"ಕಾಡುಕತ್ತೆಯವರು ಬಂದರು, ದಾರಿ ಬಿಡಿ ಅನ್ನಿ. ಅಂದವರಿಗೆ ಟೀ. ಅನ್ನದವರಿಗೆ ಇಲ್ಲ." ಅವಳು ತಟ್ಟೆ ಹಿಡಿದೇ ನಿಂತಿದ್ದಳು. ದನಿ ಏರಲಿಲ್ಲ. ಅವಳ ಕೂಗು ಕೇಳಿ ರೂಢಿಯಿದ್ದವರಿಗೆ ಈ ತಗ್ಗಿದ ದನಿ ಕೇಳಿ ಬೆನ್ನು ತಣ್ಣಗಾಯಿತು.

"ಅಮ್ಮಾ, ಇದು ಸ್ನೇಹದಲ್ಲಿ ಆಡಿದ್ದು" ಎಂದರು ಇತಿಹಾಸದವರು.

"ಸ್ನೇಹ ಯಾರ ಜೊತೆ? ನನ್ನ ಜೊತೆ ಇದ್ದಿದ್ರೆ ನನಗೂ ಅರ್ಥ ಗೊತ್ತಿರ್ತಿತ್ತು."

"ನೀವು ಇಷ್ಟು ದೊಡ್ಡದು ಮಾಡಬಾರದು. ಒಂದು ಮಾತು ಅಷ್ಟೇ."

"ಒಂದು ಮಾತು ಅಷ್ಟೇ ಆದ್ರೆ ಆಡಿಬಿಡಿ. ಕಷ್ಟ ಏನು? ಆ ಭಾಷೇಲಿ ಬಾಯಿ ತುಂಬ ಬರ್ತಿತ್ತಲ್ಲ. ಈ ಭಾಷೇಲಿ ಯಾಕೆ ನಾಲಗೆ ತಿರುಗಲ್ಲ?"

ಇತಿಹಾಸದವರು ಕಿಟಕಿ ಕಡೆ ನೋಡಿದರು. ಗ್ರೀಕ್‌ನವರು ಎದ್ದು, ಕೊಡೆ ತೆಗೆದುಕೊಂಡು, "ಇನ್ನೊಂದು ದಿನ ಬರ್ತೀನಿ" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ಮೆಟ್ಟಿಲಿಳಿದರು. ಲೈಬ್ರರಿಯವರು ಮಾತ್ರ ಕೂತೇ ಇದ್ದರು. ತಲೆ ತಗ್ಗಿಸಿಕೊಂಡೇ, "ನನಗೆ ಗೊತ್ತಿತ್ತಮ್ಮ. ಪ್ರತಿ ಭಾನುವಾರ ಹೇಳ್ಬೇಕು ಅಂದ್ಕೋತಿದ್ದೆ. ಧೈರ್ಯ ಬರ್ಲಿಲ್ಲ" ಎಂದರು.

"ಬಿಸ್ಕತ್ತು ತಿನ್ನೋ ಧೈರ್ಯ ಬರ್ತಿತ್ತಲ್ಲ" ಎಂದಳು ಸೋಫಕ್ಕ. ಆ ಮಾತು ಆ ಬಡಪಾಯಿಗೆ ಹೆಚ್ಚೇ ಆಯಿತು, ಅವರು ಕಣ್ಣೊರೆಸಿಕೊಂಡರು. ಆದರೂ ಆಡಿದ್ದಕ್ಕೆ ಅವಳು ಯಾವತ್ತೂ ವ್ಯಥೆಪಡಲಿಲ್ಲ.

ಎಲ್ಲರೂ ಹೋದ ಮೇಲೆ ಅವಳು ಗಂಡನ ಎದುರು ಬಂದು ನಿಂತಳು. "ಈಗ ನೀವು" ಎಂದಳು. ಮೇಷ್ಟ್ರು ಕನ್ನಡಕ ತೆಗೆದರು. ಆಮೇಲೆ ಹೇಳಿದರು, "ಕಾಡುಕತ್ತೆ." ಕನ್ನಡದಲ್ಲಿ ಆ ಮಾತಿಗೆ ಯಾವ ಹಳಮೆಯೂ ಇರಲಿಲ್ಲ, ಯಾವ ಕವಿಯೂ ಅದರ ಬೆನ್ನಿಗೆ ನಿಲ್ಲಲಿಲ್ಲ. ಬೀದಿಯಲ್ಲಿ ಗಾಡಿಯವರು ಬೈದುಕೊಳ್ಳುವ ಮಾತಿನಷ್ಟೇ ಬೆತ್ತಲೆಯಾಗಿ ಕೋಣೆಯಲ್ಲಿ ನಿಂತಿತು. ಮೇಷ್ಟ್ರು ಬಾಯಿಗೆ ಕೈ ಇಟ್ಟುಕೊಂಡರು.

"ಹೂಂ" ಎಂದಳು ಸೋಫಕ್ಕ. "ಇಷ್ಟೇ ಅರ್ಥ." ಟೀಯನ್ನು ಒಳಗೊಯ್ದು ಸಿಂಕಿಗೆ ಚೆಲ್ಲಿದಳು.

ಮಗಳು ಇನ್ನೊಂದು ಊರಲ್ಲಿ ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಪ್ಪ ಫೋನಿನಲ್ಲಿ ಏನು ಹೇಳಿದರೋ, ರಜೆ ಹಾಕಿ ಓಡಿ ಬಂದಳು. ಅಮ್ಮ ಕೆಳಗೆ ಈಸಿಚೇರಿಗೆ ನೀಲಿ ಬಟ್ಟೆ ಹೊಡೆಯುತ್ತಿದ್ದಳು. ಮಗಳು ಸ್ಟೂಲು ಎಳೆದುಕೊಂಡು, ಬಟ್ಟೆಯ ಇನ್ನೊಂದು ಅಂಚು ಹಿಡಿದಳು. ಚಿಕ್ಕಂದಿನಲ್ಲಿ ಅದನ್ನು ಎಷ್ಟೋ ಸಲ ಹಿಡಿದಿದ್ದಳು.

"ಅಮ್ಮ, ಅಪ್ಪ ಸರಿಯಾಗಿ ಊಟ ಮಾಡ್ತಿಲ್ಲ."

ಸೋಫಕ್ಕ ಮೊಳೆ ಹೊಡೆದಳು.

"ಅಪ್ಪ ಮಾಡಿದ್ದು ತಪ್ಪು. ಆದ್ರೆ ಅವರಿಗೆ ನಿನ್ನ ಮೇಲೆ ಪ್ರೀತಿ ಇಲ್ಲ ಅಂತ ಅಲ್ಲ. ನಾನು ಅದನ್ನ ಯೋಚನೆ ಮಾಡಿದೀನಿ, ತುಂಬ ದಿನದಿಂದ..."

ಸುತ್ತಿಗೆ ನಿಂತಿತು. ಸೋಫಕ್ಕ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ತೆಗೆದಳು. "ತುಂಬ ದಿನದಿಂದ?"

ಮಗಳು ತುಟಿ ಕಚ್ಚಿಕೊಂಡಳು. ಆಡಿದ ಮಾತು ಹೊರಟಾಗಿತ್ತು.

"ನಿನಗೆ ಯಾವಾಗಿಂದ ಗೊತ್ತು?"

"ಕಾಲೇಜಿಗೆ ಸೇರಿದಾಗಿಂದ. ಅಪ್ಪನ ಪುಸ್ತಕದಲ್ಲಿ ನೋಡ್ದೆ."

ಗಂಡ ಮಾಡಿದ್ದು ಕೆನ್ನೆಗೆ ಬಿದ್ದ ಏಟು. ಇದು ಬೇರೆ. ಹೆತ್ತ ಹೊಟ್ಟೆಗೇ ಬಿತ್ತು. ಮಗಳು ಕಾಲೇಜಿಗೆ ಸೇರಿದ ಮೇಲೆ ಎಷ್ಟು ಸಲ ಈ ಬಾಗಿಲಲ್ಲಿ ಬಂದಿದ್ದಾಳೆ, ಎಷ್ಟು ಸಲ ಆ ಬೋರ್ಡಿನ ಕೆಳಗೆ ನಿಂತು ಅಮ್ಮನಿಗೆ ಕೈ ಬೀಸಿದ್ದಾಳೆ!

"ಯಾಕೆ ಹೇಳ್ಲಿಲ್ಲ?"

"ನಿನಗೆ ನೋವಾಗತ್ತೆ ಅಂತ."

"ಸುಳ್ಳು."

ಮಗಳು ಬಟ್ಟೆಯ ಅಂಚನ್ನು ಬಿಡದೆ, ತಲೆ ಎತ್ತಿದಳು. ಅವಳಿಗೂ ಅಮ್ಮನ ರಕ್ತವೇ. "ಸರಿ, ಕೇಳು. ನನಗೆ ಆ ಹೆಸರು ಸರಿಯಾಗಿದೆ ಅನ್ನಿಸಿತ್ತು. ನೀನು ನಮ್ಮ ಸ್ಕೂಲಿಗೆ ಬಂದು ಮೇಡಂ ಮೇಲೆ ಕೂಗಾಡ್ತಿದ್ದೆ. ಬಸ್ಸಲ್ಲಿ ಕಂಡಕ್ಟರ್ ಕಾಲರ್ ಹಿಡಿದಿದ್ದೆ. ನನ್ನ ಸ್ನೇಹಿತೆಯರು ಮನೆಗೆ ಬರೋಕೆ ಹೆದರ್ತಿದ್ರು. ಪುಸ್ತಕದಲ್ಲಿ ಆ ಅರ್ಥ ನೋಡಿದಾಗ ನಕ್ಕೆ ಅಮ್ಮ. ಒಬ್ಬಳೇ ಕೂತು ನಕ್ಕೆ. ಆಮೇಲೆ ನಾಚಿಕೆ ಆಯ್ತು, ಅದಕ್ಕೇ ಹೇಳ್ಲಿಲ್ಲ."

ಹೊಡೆದಾಳೆಂದು ಮಗಳು ಕಾದಳು. ಸೋಫಕ್ಕನ ಅಂಗೈಯಲ್ಲಿದ್ದ ಮೊಳೆಗಳು ಮುಷ್ಟಿ ಬಿಗಿದಾಗ ಚರ್ಮಕ್ಕೆ ಚುಚ್ಚಿದ್ದವು.

"ಮೇಡಂ ನಿನ್ನನ್ನ ಬಿಸಿಲಲ್ಲಿ ನಿಲ್ಲಿಸಿದ್ರು. ಕಂಡಕ್ಟರ್ ನಿನ್ನ ಪಕ್ಕದ ಹುಡುಗಿಗೆ ಮೈ ತಾಗಿಸ್ತಿದ್ದ" ಎಂದಳು. "ಅದು ನಿನಗೆ ನೆನಪಿಲ್ಲ. ನನ್ನ ಕೂಗು ನೆನಪಿದೆ."

ಮಗಳ ಕಣ್ಣು ತುಂಬಿತು.

"ಅಳಬೇಡ, ಬಟ್ಟೆ ಮೇಲೆ ಕಲೆ ಆಗತ್ತೆ. ನಾನು ಕೂಗೋಳು ಅಂತ ನನಗೆ ಗೊತ್ತಿಲ್ವಾ? ಅಮ್ಮ, ನೀನು ಒರಟು ಅಂತ ಎದುರಿಗೆ ಹೇಳಿದ್ರೆ ಒಂದು ದಿನ ಜಗಳ ಆಡಿ ಮುಗಿಸ್ತಿದ್ದೆ. ಅಪ್ಪ ಬಚ್ಚಿಟ್ಟು ನಕ್ಕರು. ನೀನೂ ಬಚ್ಚಿಟ್ಟು ನಕ್ಕೆ. ಅದನ್ನ ಹೇಗೆ ಮುಗಿಸೋದು ನಾನು?"

ಮಗಳು ಬಟ್ಟೆಯ ಅಂಚನ್ನು ಎಳೆದು ಹಿಡಿದಳು. ಅಮ್ಮ ಮೊಳೆಗಳನ್ನು ಬಾಯಿಗೆ ಹಾಕಿಕೊಂಡಳು. ಸಂಜೆಯವರೆಗೆ ಇಬ್ಬರೂ ಮಾತಿಲ್ಲದೆ ಈಸಿಚೇರು ಮುಗಿಸಿದರು. ಹೊರಡುವಾಗ ಮಗಳು ಕೇಳಿದಳು, "ಇನ್ನು ನನ್ನ ಜೊತೆ ಮಾತಾಡಲ್ವಾ?" "ಮಾತಾಡ್ತೀನಿ. ಇನ್ನೂ ಬೈದು ಮುಗಿಸಿಲ್ಲ ನಿನ್ನನ್ನ. ಫೋನು ಮಾಡು" ಎಂದಳು ಸೋಫಕ್ಕ. ಮಗಳು ದಿನಾ ಫೋನು ಮಾಡಿದಳು. ದಿನಾ ಬೈಸಿಕೊಂಡಳು. ತಿಂಗಳೊಪ್ಪತ್ತಿನಲ್ಲಿ ಬೈಗುಳದ ನಡುವೆ "ಉಂಡ್ಯಾ?" ಎಂಬ ಮಾತೂ ಸೇರಿಕೊಂಡಿತು.

ಬೋರ್ಡನ್ನು ಅವಳೇ ಏಣಿ ಹತ್ತಿ ಇಳಿಸಿದಳು. ಒಳ್ಳೆಯ ಪ್ಲೈವುಡ್, ಬಿಸಾಡಲು ಮನಸ್ಸು ಬರಲಿಲ್ಲ. ಗರಗಸದಲ್ಲಿ ಕೊಯ್ದು ಯಾರದೋ ದಿವಾನಕ್ಕೆ ತಳ ಮಾಡಿದಳು. ಜಿಂಕೆಯ ತಲೆ ಒಂದು ಮೂಲೆಗೆ, ಕಾಲು ಇನ್ನೊಂದು ಮೂಲೆಗೆ ಹೋಯಿತು. ಬೀದಿಯ ಬೇಕರಿಯವನು, "ಅಕ್ಕ, ಆ ಹೆಸರನ್ನೇ ಇಟ್ಕೊಂಡು ಕತ್ತೆ ಚಿತ್ರ ಬರೆಸಿಬಿಡಿ, ಜನ ಮರೆಯಲ್ಲ" ಎಂದು ಸಲಹೆ ಕೊಟ್ಟ. "ನಿನ್ನ ಬೇಕರಿಗೆ ಹಂದಿ ಬರೆಸ್ಕೋ" ಎಂದಳು. ಹೊಸ ಬೋರ್ಡಿನಲ್ಲಿ "ಸೋಫಾ, ಕುರ್ಚಿ ರಿಪೇರಿ" ಎಂದಷ್ಟೇ ಇದೆ.

ಗಂಡನನ್ನು ಬಿಟ್ಟಳೇ ಎಂದರೆ, ಇಲ್ಲ. ಬಿಡಬೇಕು ಎಂದು ಒಂದು ಚೀಲ ತುಂಬಿದ್ದೂ ಉಂಟು. ತುಂಬುತ್ತ ತುಂಬುತ್ತ ಕೋಪ ಬಂತು. ಮನೆ ಅಪ್ಪನದು, ಅಂಗಡಿ ತನ್ನದು, ಹೋಗಬೇಕಾದವಳು ತಾನೇಕೆ? ಚೀಲ ಖಾಲಿ ಮಾಡಿದಳು. ಹಾಗಂತ ಅವರನ್ನು ಹೊರಗೆ ಹಾಕಲೂ ಇಲ್ಲ. ಒಂದೇ ಸೂರಿನ ಕೆಳಗೆ, ಒಂದೇ ಮೇಜಿನ ಮೇಲೆ ಉಂಡರು. ಮೇಷ್ಟ್ರು ಕ್ಷಮೆ ಕೇಳಿದರು, ಒಂದಲ್ಲ, ಹತ್ತಾರು ಸಲ. "ಕೇಳಿಸ್ತು" ಎನ್ನುತ್ತಿದ್ದಳು. ಅದಕ್ಕಿಂತ ಮುಂದೆ ಹೋಗುತ್ತಿರಲಿಲ್ಲ. ಈಗ ಮೇಷ್ಟ್ರು ಅವಳನ್ನು ಎಲ್ಲ ಗಂಡಂದಿರ ಹಾಗೆ "ಇವಳೇ" ಎಂದು ಕರೆಯುತ್ತಾರೆ. ಭಾನುವಾರದ ಗುಂಪು ಗ್ರೀಕ್‌ನವರ ಮನೆಗೆ ಸ್ಥಳ ಬದಲಾಯಿಸಿದೆ. ಲೈಬ್ರರಿಯವರು ಅಲ್ಲಿಗೆ ಹೋಗುತ್ತಿಲ್ಲವಂತೆ.

ಸೋಫಕ್ಕನಿಗೆ ಒಂದು ಹೊಸ ಅಭ್ಯಾಸ ಬಂತು. ಗೊತ್ತಿಲ್ಲದ ಮಾತು ಯಾರ ಬಾಯಿಂದ ಬಂದರೂ ಅಲ್ಲೇ ಹಿಡಿದು ನಿಲ್ಲಿಸುತ್ತಾಳೆ. ಬ್ಯಾಂಕಿನಲ್ಲಿ, ಬಟ್ಟೆ ಏಜೆಂಟನ ಎದುರು, ಮದುವೆ ಮನೆಯಲ್ಲಿ. ಹಿಂದಿದ್ದವರು ಗೊಣಗುತ್ತಾರೆ. ಗೊಣಗಲಿ.

ಮೊನ್ನೆ ಮೇಷ್ಟ್ರ ಮಂಡಿ ನೋವಿಗೆಂದು ಇಬ್ಬರೂ ಆಸ್ಪತ್ರೆಗೆ ಹೋಗಿದ್ದರು. ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, ಓದಿದವರು ಎಂದು ಮೇಷ್ಟ್ರ ಕಡೆಗೇ ತಿರುಗಿ, "ಡಿಜೆನರೇಟಿವ್ ಚೇಂಜಸ್ ಇದೆ ಸಾರ್, ಬೈಲ್ಯಾಟರಲ್" ಎಂದರು. ಮೇಷ್ಟ್ರು ಅರ್ಥವಾದವರಂತೆ ತಲೆಯಾಡಿಸಿದರು.

"ಹಾಗಂದ್ರೆ ಏನು?" ಎಂದಳು ಸೋಫಕ್ಕ.

"ನಾನು ಆಮೇಲೆ ಹೇಳ್ತೀನಿ" ಎಂದರು ಮೇಷ್ಟ್ರು, ಮೆಲ್ಲಗೆ.

"ನೀವು ಹೇಳ್ಬೇಡಿ. ಡಾಕ್ಟ್ರೇ, ನೀವೇ ಹೇಳಿ. ಕನ್ನಡದಲ್ಲಿ."

ಡಾಕ್ಟರು ಹುಬ್ಬೇರಿಸಿ ಅವಳನ್ನು ನೋಡಿದರು. ಹೊರಗೆ ಇನ್ನೂ ಹತ್ತಾರು ಜನ ಕಾಯುತ್ತಿದ್ದರು. ಅವಳು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂತಳು. ಕೂರುವ ಮುಂಚೆ ಅದರ ಸೀಟನ್ನು ಹೆಬ್ಬೆರಳಿನಿಂದ ಒತ್ತಿ, ಸ್ಪಂಜು ಸತ್ತಿದೆ ಎಂದು ಮುಖ ಸಿಂಡರಿಸಿದ್ದಳು. ಡಾಕ್ಟರು ಎಕ್ಸ್-ರೇ ಕೆಳಗಿಟ್ಟು, "ಸವೆದಿದೆ ಅಮ್ಮ. ಎರಡೂ ಮಂಡಿ ಸವೆದಿದೆ" ಎಂದರು.

"ಮತ್ತೆ ಮೊದಲೇ ಹಾಗೆ ಹೇಳೋಕೆ ಏನಾಗಿತ್ತು?" ಎಂದಳು ಸೋಫಕ್ಕ, ಇಡೀ ವಾರ್ಡಿಗೆ ಕೇಳುವ ಹಾಗೆ.